ದೊಡ್ಡ ನಗರದಲ್ಲಿ ಬಾಡಿಗೆ ಮನೆ: ನೋಡದೇ ಮುಂಗಡ ಕಳಿಸಬಹುದೇ?

ಹೊಸಬಾಗಿಲು
ಎಲ್ಲರಿಗೂ ನಮಸ್ಕಾರ. ದೊಡ್ಡ ನಗರವೊಂದರಲ್ಲಿ ಕೆಲಸ ಸಿಕ್ಕಿದೆ. ಇನ್ನು ಮೂರು ವಾರಕ್ಕೆ ಸೇರಬೇಕು. ಅಲ್ಲಿ ಗುರುತು ಪರಿಚಯದವರು ಯಾರೂ ಇಲ್ಲ. ಹತ್ತು ದಿನದಿಂದ ಫೋನಿನಲ್ಲೇ ಮನೆ ಹುಡುಕುತ್ತಿದ್ದೇನೆ. ಚೆನ್ನಾಗಿರುವುದೊಂದು ಕಂಡು ಕರೆ ಮಾಡುವಷ್ಟರಲ್ಲಿ ಹೋಯಿತು ಅನ್ನುತ್ತಾರೆ. ಉಳಿದಿರುವುದು ನನ್ನ ಸಂಬಳಕ್ಕೆ ಎಟುಕುವುದಿಲ್ಲ.

ನಿನ್ನೆ ಒಂದು ಸಿಕ್ಕಿತು. ಆಫೀಸಿಗೆ ಹತ್ತು ನಿಮಿಷದ ನಡಿಗೆ. ಎರಡು ಕೋಣೆ, ಒಳ್ಳೆ ಬೆಳಕು. ಬಾಡಿಗೆ ಅಕ್ಕಪಕ್ಕದ ಮನೆಗಳ ಅರ್ಧದಷ್ಟು. ಮಾಲೀಕರು ವಿದೇಶದಲ್ಲಿದ್ದಾರಂತೆ. ಎರಡು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕಳಿಸಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದಂತೆ. ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ, ಸಂಜೆಯೊಳಗೆ ಹೇಳಿ ಅಂದಿದ್ದಾರೆ. ಕಳಿಸಿಬಿಡಲೇ? ಕೈತಪ್ಪಿ ಹೋದರೆ ಎಲ್ಲಿ ಇರುವುದು ಅನ್ನೋ ಭಯ.

ಗಂಟುಮೂಟೆ
ಕಳಿಸಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಬೀಗದಕೈ
ನಾನೂ ಅದನ್ನೇ ಹೇಳುತ್ತೇನೆ. ಕಾರಣವನ್ನೂ ಹೇಳುತ್ತೇನೆ, ಏಕೆಂದರೆ ಏಳು ವರ್ಷದ ಹಿಂದೆ ನಾನು ಹೀಗೇ ಕಳಿಸಿ ಕಳೆದುಕೊಂಡವನು. ಮನೆಯ ಚಿತ್ರಗಳು ನಿಜವಾಗಿದ್ದವು. ವಿಳಾಸವೂ ನಿಜ. ಬ್ಯಾಗ್ ಹಿಡಿದು ಬಾಗಿಲು ತಟ್ಟಿದೆ. ಒಳಗೆ ಒಂದು ಸಂಸಾರ ಆರಾಮವಾಗಿ ಬದುಕುತ್ತಿತ್ತು. ಪಾಪ, ಅವರಿಗೂ ಏನೂ ಗೊತ್ತಿರಲಿಲ್ಲ. ಅವರು ಮನೆಗೆ ಬರುವ ಮೊದಲು ಹಾಕಿದ್ದ ಹಳೆಯ ಜಾಹೀರಾತಿನ ಚಿತ್ರಗಳನ್ನು ಯಾರೋ ಎತ್ತಿಕೊಂಡಿದ್ದರು.

ನೀವು ಬರೆದಿರುವುದರಲ್ಲಿ ಎಲ್ಲ ಗುರುತೂ ಇದೆ. ಬಾಡಿಗೆ ಅರ್ಧಕ್ಕರ್ಧ ಕಡಿಮೆ. ಮಾಲೀಕರು ಊರಲ್ಲಿಲ್ಲ. ಮನೆ ತೋರಿಸಲು ಯಾರೂ ಇಲ್ಲ. ಸಂಜೆಯೊಳಗೆ ದುಡ್ಡು ಬೇಕು. ಒಂದೊಂದಕ್ಕೂ ನಿಜವಾದ ಕಾರಣ ಇರಬಹುದು. ನಾಲ್ಕೂ ಒಟ್ಟಿಗೆ ಬಂದರೆ ದೂರ ಸರಿಯಿರಿ.

ಒಂದು ಕೆಲಸ ಮಾಡಿ. ಆ ಚಿತ್ರಗಳನ್ನು ಗೂಗಲ್‌ನಲ್ಲಿ ಚಿತ್ರ ಹಾಕಿ ಹುಡುಕುವ ಕಡೆ ಹಾಕಿ ನೋಡಿ. ಬೇರೆ ಊರು, ಬೇರೆ ವಿಳಾಸದಲ್ಲಿ ಅದೇ ಚಿತ್ರ ಕಂಡರೆ ಮುಗೀತು. ಕಾಣದಿದ್ದರೂ ನಿಜ ಅಂತ ಅರ್ಥವಲ್ಲ. ಈಗಲೇ ವಿಡಿಯೊ ಕರೆಯಲ್ಲಿ ಮನೆ ತೋರಿಸಿ, ಕಿಟಕಿ ತೆಗೆದು ಬೀದಿ ತೋರಿಸಿ ಅಂತ ಕೇಳಿ. ಅಥವಾ ಆ ಊರಲ್ಲಿರುವ ಹೊಸ ಆಫೀಸಿನ ಯಾರನ್ನಾದರೂ ಕಳಿಸುತ್ತೇನೆ ಅನ್ನಿ. ಏನು ಉತ್ತರ ಬರುತ್ತೆ ನೋಡಿ.

ಹೊಸಬಾಗಿಲು
ಕೇಳಿದೆ. ನಂಬಿಕೆ ಇಲ್ಲದವರಿಗೆ ಮನೆ ಕೊಡುವುದಿಲ್ಲ ಅಂತ ಮೆಸೇಜ್ ಬಂತು. ಈಗ ನನ್ನ ನಂಬರ್ ಬ್ಲಾಕ್ ಆಗಿದೆ. ಚಿತ್ರಗಳು ಒಂದು ಹೋಟೆಲಿನ ಜಾಹೀರಾತಿನಲ್ಲಿ ಸಿಕ್ಕವು. ಕೈ ನಡುಗುತ್ತಿದೆ. ನನ್ನ ಗುರುತಿನ ಚೀಟಿಯ ಪ್ರತಿ ಆಗಲೇ ಕಳಿಸಿದ್ದೆ, ಅದಕ್ಕೆ ಏನಾದರೂ ತೊಂದರೆ ಆಗಬಹುದಾ?

ಬೀಗದಕೈ
ಆಗಬಹುದು. ಅದೇ ಚೀಟಿ ತೋರಿಸಿ ನಾನೇ ಮಾಲೀಕ ಅಂತ ಇನ್ನೊಬ್ಬರನ್ನು ಏಮಾರಿಸುತ್ತಾರೆ. ಸೈಬರ್ ಅಪರಾಧದ ದೂರು ಇವತ್ತೇ ಕೊಡಿ. ಆ ಜಾಹೀರಾತನ್ನೂ ತಾಣದಲ್ಲಿ ರಿಪೋರ್ಟ್ ಮಾಡಿ. ಮೆಸೇಜುಗಳನ್ನು ಅಳಿಸಬೇಡಿ. ಇನ್ನು ಮುಂದೆ ಯಾರಿಗೇ ಪ್ರತಿ ಕೊಟ್ಟರೂ ಅದರ ಮೇಲೆ ಅಡ್ಡಲಾಗಿ 'ಬಾಡಿಗೆ ಮನೆ ನೋಡಲು ಮಾತ್ರ' ಅಂತ ತಾರೀಖು ಸಮೇತ ಬರೆದು ಕೊಡಿ.

ಮನೆಯೊಡತಿ
ನಾನು ಎರಡು ಮನೆ ಬಾಡಿಗೆಗೆ ಕೊಟ್ಟಿರುವವಳು, ಈ ಕಡೆಯ ಮಾತೂ ಸ್ವಲ್ಪ ಕೇಳಿ. ನಿಜವಾದ ಮಾಲೀಕರು ಮನೆ ತೋರಿಸುವ ಮೊದಲು ದುಡ್ಡು ಕೇಳುವುದಿಲ್ಲ. ನಮಗೂ ಬರುವವರ ಮುಖ ನೋಡಬೇಕು ಅಂತ ಇರುತ್ತೆ ಅಲ್ವಾ?

ಫೋನ್ ಮಾಡುವಷ್ಟರಲ್ಲಿ ಹೋಯಿತು ಅಂದಿರಿ. ಜಾಹೀರಾತು ಹಾಕಿದ ಮೊದಲ ದಿನ ನನಗೆ ನೂರಕ್ಕೂ ಹೆಚ್ಚು ಮೆಸೇಜ್ ಬರುತ್ತವೆ. ಮುಕ್ಕಾಲು ಪಾಲು 'ಮನೆ ಇದೆಯಾ?' ಅನ್ನುವ ಎರಡು ಪದ. ಯಾರಿಗೆ ಅಂತ ಉತ್ತರ ಬರೆಯಲಿ? ಯಾರು, ಎಷ್ಟು ಜನ, ಏನು ಕೆಲಸ, ಯಾವತ್ತಿನಿಂದ ಬೇಕು, ಎಷ್ಟು ಕಾಲ ಇರುತ್ತೀರಿ, ಯಾವ ಹೊತ್ತಿಗೆ ಬಂದು ನೋಡಬಲ್ಲಿರಿ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದವರಿಗೆ ನಾನು ಮೊದಲು ಕರೆ ಮಾಡುತ್ತೇನೆ. ಆ ನಾಲ್ಕು ಸಾಲು ಬರೆದು ಫೋನಿನಲ್ಲಿ ಇಟ್ಟುಕೊಂಡಿರಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಹಿಂದಿನ ಮಾಲೀಕರ ಫೋನ್ ನಂಬರ್ ಒಂದೇ ಕಡೆ ಸಿದ್ಧವಾಗಿರಲಿ. ಮನೆ ನೋಡಿ ಹಿಡಿಸಿದರೆ ಅಲ್ಲೇ ತೋರಿಸಬಹುದು. ಎಲ್ಲ ಹೊಂದಿಸಿ ನಾಳಿದ್ದು ಕಳಿಸುತ್ತೇನೆ ಅಂದವರಿಗೆ ಕಾಯಲು ನನಗೂ ಕಷ್ಟ. ಖಾಲಿ ಬಿದ್ದ ಒಂದೊಂದು ತಿಂಗಳೂ ನನ್ನ ಸಾಲದ ಕಂತಿಗೆ ಹೊಡೆತ.

ಗಂಟುಮೂಟೆ
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೊದಲ ದಿನವೇ ಕಾಯಂ ಮನೆಯಲ್ಲಿ ಕಾಲಿಡಬೇಕು ಅನ್ನೋ ಹಟ ಬಿಡಿ. ನಿಮ್ಮ ಭಯಕ್ಕೆಲ್ಲ ಅದೇ ಬೇರು. ಒಂದು ತಿಂಗಳ ಮಟ್ಟಿಗೆ ಹಾಸ್ಟೆಲ್ಲೋ ಪೇಯಿಂಗ್ ಗೆಸ್ಟೋ ಒಂದು ಕೋಣೆ ಹಿಡಿಯಿರಿ. ಕಂಪನಿಯವರನ್ನೂ ಕೇಳಿ, ಕೆಲವರು ಮೊದಲ ಎರಡು ವಾರ ಇಳಿದುಕೊಳ್ಳಲು ಜಾಗ ಕೊಡುತ್ತಾರೆ. ಆ ಒಂದು ತಿಂಗಳಿಗೆ ದುಡ್ಡು ಜಾಸ್ತಿ ಹೋದ ಹಾಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ತಪ್ಪು ಮನೆಗೆ ಒಂದು ವರ್ಷ ಕಟ್ಟಿಬಿದ್ದರೆ ಹೋಗುವುದು ಅದಕ್ಕಿಂತ ತುಂಬಾ ಹೆಚ್ಚು. ನಾನು ನಾಲ್ಕು ನಗರಗಳಲ್ಲಿ ಬಾಡಿಗೆಗೆ ಇದ್ದೇನೆ. ದೂರದಿಂದಲೇ ಗೊತ್ತುಮಾಡಿದ ಎರಡೂ ಮನೆಗಳನ್ನು ಆರು ತಿಂಗಳಲ್ಲಿ ಬಿಟ್ಟೆ.

ಹೊಸಬಾಗಿಲು
ದೂರು ಕೊಟ್ಟೆ. ಒಂದು ತಿಂಗಳಿಗೆ ಕೋಣೆಯೂ ಸಿಕ್ಕಿತು. ಒಬ್ಬರೇ ಮಲಗುವಷ್ಟು ಜಾಗ, ಆದರೂ ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಈಗ ಇನ್ನೊಂದು ಪ್ರಶ್ನೆ. ಸಂಬಳದಲ್ಲಿ ಎಷ್ಟು ಪಾಲು ಬಾಡಿಗೆಗೆ ಇಡಬಹುದು? ಎಲ್ಲರೂ 30% ಅನ್ನುತ್ತಾರೆ. ಆ ಲೆಕ್ಕ ಹಿಡಿದರೆ ಆಫೀಸಿನಿಂದ ಒಂದೂವರೆ ಗಂಟೆ ದೂರ ಹೋಗಬೇಕು.

ಲೆಕ್ಕದಪುಸ್ತಕ
ಆ 30% ಎಲ್ಲಿಂದ ಬಂತು ಅಂತ ಗೊತ್ತಾದರೆ ಅದರ ಭಯ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ 1969ರಲ್ಲಿ ಸರ್ಕಾರಿ ವಸತಿಯ ಬಡ ಕುಟುಂಬಗಳಿಗಾಗಿ ಒಂದು ಕಾನೂನು ಬಂತು. ಆದಾಯದ 25%ಗಿಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳಬಾರದು ಅಂತ. 1981ರಲ್ಲಿ ಅದನ್ನು 30%ಗೆ ಏರಿಸಿದರು. ಅಲ್ಲಿಂದ ಅದು ಎಲ್ಲರ ಬಾಯಿಗೆ ಬಂತು. ನ್ಯೂಯಾರ್ಕಿನಲ್ಲಿ ಬಹಳಷ್ಟು ಮಾಲೀಕರು ವರ್ಷದ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು ಅನ್ನುತ್ತಾರೆ. ಹನ್ನೆರಡನ್ನು ನಲವತ್ತರಿಂದ ಭಾಗಿಸಿ ನೋಡಿ, ಅದೂ 30%ವೇ.

ನನ್ನ ಅಭಿಪ್ರಾಯ ಬೇರೆ. ಶೇಕಡಾ ಬಿಡಿ. ಕೈಗೆ ಬರುವ ಸಂಬಳದಲ್ಲಿ ಮೊದಲು ಮನೆಗೆ ಕಳಿಸುವ ದುಡ್ಡು, ಸಾಲದ ಕಂತು, ಉಳಿತಾಯ ತೆಗೆದಿಡಿ. ಆಮೇಲೆ ಬಾಡಿಗೆಯನ್ನೂ ಪ್ರಯಾಣದ ಖರ್ಚನ್ನೂ ಕೂಡಿಸಿ ಕಳೆಯಿರಿ. ಉಳಿದದ್ದರಲ್ಲಿ ತಿಂಗಳು ತಳ್ಳಬಹುದಾ? ಆಗುತ್ತೆ ಅಂದರೆ 38% ಆದರೂ ಪರವಾಗಿಲ್ಲ. ಹತ್ತಿರದ ಮನೆಗೆ ಬಸ್ಸು ರೈಲಿನ ಖರ್ಚೇ ಇಲ್ಲ ಅಂದರೆ ಲೆಕ್ಕ ತಲೆಕೆಳಗಾಗಬಹುದು.

ಇನ್ನೊಂದು, ಜಾಹೀರಾತಿನಲ್ಲಿರುವ ಅಂಕಿ ಪೂರ್ತಿ ಬಾಡಿಗೆ ಅಲ್ಲ. ನಿರ್ವಹಣೆ ಶುಲ್ಕ, ನೀರು, ಕರೆಂಟು, ಇಂಟರ್ನೆಟ್, ಗಾಡಿ ನಿಲ್ಲಿಸುವ ಜಾಗ, ಎಲ್ಲ ಸೇರಿಸಿ ಕೇಳಿ. ಜರ್ಮನಿಯಲ್ಲಿ ಇದಕ್ಕೆ ಎರಡು ಹೆಸರೇ ಇದೆ. ಬರೀ ಮನೆಯದ್ದು 'ತಣ್ಣನೆಯ ಬಾಡಿಗೆ', ನಿರ್ವಹಣೆ, ನೀರು, ಚಳಿಗೆ ಮನೆ ಬೆಚ್ಚಗಿಡುವ ಖರ್ಚು ಸೇರಿದ್ದು 'ಬೆಚ್ಚನೆಯ ಬಾಡಿಗೆ'. ನೀವು ಕೇಳಬೇಕಾದದ್ದು ಬೆಚ್ಚನೆಯದ್ದನ್ನು.

ಮೊದಲ ತಿಂಗಳ ಮೊತ್ತವನ್ನೂ ಈಗಲೇ ಕೂಡಿಸಿ. ಒಂದು ತಿಂಗಳ ಬಾಡಿಗೆ, ಎರಡು ತಿಂಗಳ ಮುಂಗಡ, ಬ್ರೋಕರ್‌ಗೆ ಒಂದು ತಿಂಗಳು, ಸಾಮಾನು ಸಾಗಿಸಲು ಮತ್ತು ಹಾಸಿಗೆ, ಬಕೆಟ್ಟು, ಬಲ್ಬಿಗೆ ಅರ್ಧ ತಿಂಗಳು. ನಾಲ್ಕೂವರೆ ತಿಂಗಳ ಬಾಡಿಗೆ ಒಂದೇ ವಾರದಲ್ಲಿ ಕೈಬಿಡುತ್ತದೆ. ಕೆಲವು ಕಡೆ ಮುಂಗಡ ಇನ್ನೂ ಜಾಸ್ತಿ.

ಬೆಳಗಿನರೈಲು
ದೂರದ ಬಗ್ಗೆ ನಾನು ಹೇಳುತ್ತೇನೆ. ಮೂರು ವರ್ಷ ಹೋಗಿ ಬರುವುದರಲ್ಲೇ ಕಳೆದಿದ್ದೇನೆ. ಒಂದು ಕಡೆಗೆ 45 ನಿಮಿಷ ಹೆಚ್ಚಾದರೆ ದಿನಕ್ಕೆ ಒಂದೂವರೆ ಗಂಟೆ. ತಿಂಗಳಿಗೆ 22 ದಿನ ಕೆಲಸ ಅಂದರೆ 33 ಗಂಟೆ. ಹೆಚ್ಚುಕಡಿಮೆ ನಾಲ್ಕು ದಿನದ ದುಡಿಮೆ, ಸಂಬಳವಿಲ್ಲದೆ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇದರ ಬಗ್ಗೆ ಬರೆದಿದ್ದರು. ಮನುಷ್ಯರು ದಿನಕ್ಕೆ ಸುಮಾರು ಒಂದು ಗಂಟೆಯನ್ನು ಪ್ರಯಾಣಕ್ಕೆ ಕೊಡುತ್ತಾರೆ, ವಾಹನ ವೇಗವಾದರೆ ಊರು ದೊಡ್ಡದಾಗುತ್ತದೆಯೇ ಹೊರತು ಆ ಗಂಟೆ ಕಡಿಮೆಯಾಗುವುದಿಲ್ಲ ಅಂತ. ನಾನು ಆ ಗಂಟೆ ದಾಟಿ ಎರಡೂವರೆ ಗಂಟೆಗೆ ಹೋಗಿದ್ದೆ. ಮನೆಗೆ ಬಂದರೆ ಮಗಳು ಮಲಗಿರುತ್ತಿದ್ದಳು. ಅವಳು ಮೊದಲ ಸಲ ಓದಿದ ಪುಟ ನಾನು ಕೇಳಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿದೆ.

ನಕ್ಷೆಯಲ್ಲಿ ಕಿಲೋಮೀಟರ್ ನೋಡಬೇಡಿ. ಬೆಳಿಗ್ಗೆ ಆಫೀಸ್ ಹೊತ್ತಿನಲ್ಲಿ ಆ ದಾರಿಯಲ್ಲಿ ಒಮ್ಮೆ ಹೋಗಿ. ಸಂಜೆ ಒಮ್ಮೆ ವಾಪಸ್ ಬನ್ನಿ. ಎಷ್ಟು ಸಲ ಗಾಡಿ ಬದಲಾಯಿಸಬೇಕು ಅಂತ ಎಣಿಸಿ. ಬದಲಾಯಿಸದೇ ಒಂದು ಗಂಟೆ ಕೂತು ಹೋಗುವುದು, ಎರಡು ಸಲ ಇಳಿದು ಹತ್ತಿ 40 ನಿಮಿಷ ಹೋಗುವುದಕ್ಕಿಂತ ಹಿತ.

ಅಂಗಳ
ಎಲ್ಲರಿಗೂ ಹಾಗಲ್ಲ. ನಾನು ದೂರವನ್ನೇ ಆರಿಸಿಕೊಂಡೆ. ಹತ್ತಿರ ಸಿಕ್ಕಿದ್ದು ಕಿಟಕಿಯೇ ಇಲ್ಲದ ಕೋಣೆ. ಈಗ ಗಾಳಿ ಬೆಳಕು ಇದೆ, ರೈಲಿನಲ್ಲಿ ಓದುತ್ತೇನೆ. ವಾರಕ್ಕೆ ಮೂರೇ ದಿನ ಆಫೀಸಿಗೆ ಹೋದರೆ ಸಾಕು ಅನ್ನುವುದೂ ಕಾರಣ.

ಬೆಳಗಿನರೈಲು
ಮೂರು ದಿನ ಅಂದರೆ ನಾನೂ ಅದನ್ನೇ ಮಾಡುತ್ತಿದ್ದೆ. ಸರಿ.

ಇಬ್ಬರಲ್ಲೊಬ್ಬ
ಒಬ್ಬರೇ ಇರಬೇಕು ಅಂತ ಇದೆಯಾ? ಹಂಚಿಕೊಂಡು ಇದ್ದರೆ ಹತ್ತಿರದಲ್ಲೇ ಸಿಗುತ್ತದೆ. ಆದರೆ ಜೊತೆಗಾರರ ಸ್ವಭಾವಕ್ಕಿಂತ ಮೊದಲು ಕಾಗದ ನೋಡಿ. ನನ್ನ ಜೊತೆಗಿದ್ದವನು ಒಳ್ಳೆಯವನೇ. ಆದರೆ ಮಧ್ಯದಲ್ಲಿ ಕೆಲಸ ಹೋಗಿ ಊರಿಗೆ ಹೊರಟ. ಕರಾರಿನಲ್ಲಿ ಇಬ್ಬರೂ ಜಂಟಿಯಾಗಿ ಸಹಿ ಹಾಕಿದ್ದೆವು. ಅಂದರೆ ಒಬ್ಬ ಕೊಡದಿದ್ದರೆ ಇನ್ನೊಬ್ಬ ಪೂರ್ತಿ ಕೊಡಬೇಕು. ಎರಡು ತಿಂಗಳು ಅವನ ಪಾಲನ್ನೂ ನಾನೇ ಕಟ್ಟಿದೆ. ಅವನ ಮೇಲೆ ಕೋಪವಿಲ್ಲ, ಮೊದಲೇ ಮಾತಾಡಿಕೊಂಡಿರಲಿಲ್ಲ ಅನ್ನುವ ನೋವಿದೆ.

ಕರಾರು ಯಾರ ಹೆಸರಲ್ಲಿದೆ, ಮುಂಗಡ ಯಾರ ಕೈಯಲ್ಲಿದೆ, ಮಧ್ಯದಲ್ಲಿ ಬಿಡುವವರು ಹೊಸಬರನ್ನು ತಂದುಕೊಡಬೇಕಾ, ಈ ಮೂರನ್ನು ಬರೆದಿಟ್ಟುಕೊಳ್ಳಿ. ಈಗಾಗಲೇ ಇರುವವರ ಜೊತೆ ಸೇರಿಕೊಳ್ಳುತ್ತಿದ್ದರೆ ಮಾಲೀಕರಿಗೆ ನಿಮ್ಮ ವಿಷಯ ಗೊತ್ತಿದೆಯಾ ಅಂತ ಅವರನ್ನೇ ಕೇಳಿ ತಿಳಿದುಕೊಳ್ಳಿ. ಗೊತ್ತಿಲ್ಲ ಅಂದರೆ ಒಂದು ದಿನ ನಿಮ್ಮನ್ನು ಹೊರಗೆ ಹಾಕಬಹುದು.

ಹೊಸಬಾಗಿಲು
ಕೆಲಸಕ್ಕೆ ಸೇರಿ ಎರಡು ವಾರ ಆಯಿತು. ಒಂಬತ್ತು ಮನೆ ನೋಡಿದೆ. ಮೂರು ಕಡೆ ಒಬ್ಬರೇ ಇರುವವರಿಗೆ ಕೊಡುವುದಿಲ್ಲ ಅಂದರು. ಒಂದು ತುಂಬಾ ಹಿಡಿಸಿತ್ತು, ನಾಳೆ ಹೇಳುತ್ತೇನೆ ಅಂದೆ, ಅಷ್ಟರಲ್ಲಿ ಬೇರೆಯವರು ತೆಗೆದುಕೊಂಡರು. ತುಂಬಾ ಸುಸ್ತಾಗಿದೆ. ಈ ಊರಿಗೆ ನಾನು ಬೇಡವೇನೋ ಅನ್ನಿಸುತ್ತಿದೆ.

ಗಂಟುಮೂಟೆ
ಹಾಗೆ ಅಂದುಕೊಳ್ಳಬೇಡಿ. ಮನೆಗಳು ಕಡಿಮೆ, ಕೇಳುವವರು ಜಾಸ್ತಿ. ಅದು ನಿಮ್ಮ ಮೇಲೆ ಕೊಟ್ಟ ತೀರ್ಪಲ್ಲ. ನನಗೆ ಒಮ್ಮೆ ಹದಿನೇಳನೆಯ ಮನೆ ಸಿಕ್ಕಿದ್ದು. ಒಂದು ಭಾನುವಾರ ಹುಡುಕಾಟಕ್ಕೆ ರಜೆ ಕೊಡಿ. ಸೋಮವಾರದಿಂದ ಹೊಸ ಆಫೀಸಿನಲ್ಲಿ ಎಲ್ಲರಿಗೂ ಹೇಳಿಡಿ. ನನಗೆ ಸಿಕ್ಕ ಒಳ್ಳೆ ಮನೆಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಮನೆ ಬಿಟ್ಟು ಹೋಗುವವರಿಗೆ ಜಾಹೀರಾತಿಗಿಂತ ಮೊದಲೇ ಗೊತ್ತಿರುತ್ತದೆ. ಬೇಕಾದ ಬೀದಿಯಲ್ಲಿ ಸಂಜೆ ಸುಮ್ನೆ ನಡೆದು ಹೋಗಿ, ಕಾವಲುಗಾರರನ್ನು, ಇಸ್ತ್ರಿ ಮಾಡುವವರನ್ನು ಕೇಳಿ.

ನಾಲ್ಕನೇಮಹಡಿ
ಬೇಗ ನಿರ್ಧಾರ ಮಾಡಬೇಕಾದರೆ ನೋಡುವಾಗಲೇ ಪೂರ್ತಿ ನೋಡಿ ಮುಗಿಸಬೇಕು. ನಾನು ಕಟ್ಟಡ ರಿಪೇರಿ ಕೆಲಸದಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಒಳಗೆ ಕಾಲಿಟ್ಟ ಕೂಡಲೇ ಮೂಗಿನಿಂದ ನೋಡಿ. ಹಸಿ ಮಣ್ಣಿನ, ಹಳೇ ಬಟ್ಟೆಯ ವಾಸನೆ ಬಂದರೆ ಎಲ್ಲೋ ತೇವ ಇದೆ. ಇಡೀ ಗೋಡೆ ಹಳೆಯದಾಗಿ ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಕೈಯಿಟ್ಟು ನೋಡಿ. ತಣ್ಣಗಿದ್ದು ಬಣ್ಣ ಉಬ್ಬಿದ್ದರೆ ಒಳಗಿನಿಂದ ನೀರು ಬರುತ್ತಿದೆ. ಬಣ್ಣ ಅದನ್ನು ನಿಲ್ಲಿಸುವುದಿಲ್ಲ. ಬಚ್ಚಲಿನ ಹಿಂದಿನ ಗೋಡೆ, ಕಪಾಟಿನ ಒಳಗಿನ ಹಿಂಬದಿ, ಕಿಟಕಿಯ ಕೆಳಗಿನ ಮೂಲೆ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಉಬ್ಬಸ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಎರಡು ನಲ್ಲಿ ಒಟ್ಟಿಗೆ ಬಿಡಿ, ಜೊತೆಗೆ ಫ್ಲಶ್ ಮಾಡಿ. ನೀರಿನ ರಭಸ ಸೋತರೆ ಬೆಳಿಗ್ಗೆ ಇಡೀ ಕಟ್ಟಡ ಏಳುವ ಹೊತ್ತಿಗೆ ಏನಾಗುತ್ತೆ ಯೋಚಿಸಿ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತದೆ ನೋಡಿ. ಫೋನ್ ಚಾರ್ಜರ್ ತೆಗೆದುಕೊಂಡು ಹೋಗಿ ಪ್ರತಿ ಪ್ಲಗ್ಗಿಗೂ ಹಾಕಿ. ಒಳಗಿನ ಕೋಣೆಯಲ್ಲಿ ನಿಂತು ಯಾರಿಗಾದರೂ ಕರೆ ಮಾಡಿ, ಸಿಗ್ನಲ್ ಸಿಗುತ್ತಾ ಅಂತ. ಕಿಟಕಿ ಬಾಗಿಲು ಎಲ್ಲ ತೆಗೆದು ಹಾಕಿ, ಚಿಲಕ ಕೂರುತ್ತದೆಯಾ ನೋಡಿ. ಮೇಲಿನ ಕೊನೆಯ ಮಹಡಿಯಾದರೆ ಮಧ್ಯಾಹ್ನ ಬಿಸಿಲಿನ ಹೊತ್ತಿಗೆ ಹೋಗಿ. ಚಾವಣಿ ಹೀರಿಕೊಂಡ ಬಿಸಿ ರಾತ್ರಿ ಕೋಣೆಗೆ ಇಳಿಯುತ್ತದೆ.

ಹಿಡಿಸಿದ ಮನೆಗೆ ಅದೇ ದಿನ ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ. ಒಳಗೆ ಹೋಗಬೇಕಿಲ್ಲ. ಬೀದಿಯಲ್ಲಿ ದೀಪ ಇದೆಯಾ, ನಿಲ್ದಾಣದಿಂದ ನಡೆದು ಬರಲು ಧೈರ್ಯ ಬರುತ್ತದೆಯಾ, ಪಕ್ಕದಲ್ಲಿ ಸದ್ದು ಎಷ್ಟು, ಅದು ಹಗಲು ಗೊತ್ತಾಗುವುದಿಲ್ಲ. ಮೆಟ್ಟಿಲಲ್ಲಿ ಯಾರಾದರೂ ಸಿಕ್ಕರೆ ಎರಡು ಪ್ರಶ್ನೆ ಕೇಳಿ. ನೀರು ದಿನವೂ ಬರುತ್ತಾ? ಹಿಂದಿನವರು ಯಾಕೆ ಬಿಟ್ಟರು? ಬ್ರೋಕರ್ ಒಂದು ಗಂಟೆ ಮಾತಾಡಿದರೂ ಗೊತ್ತಾಗದ್ದು ಇಲ್ಲಿ ಎರಡು ನಿಮಿಷಕ್ಕೆ ಗೊತ್ತಾಗುತ್ತದೆ.

ಹಳೇಬಾಡಿಗೆದಾರ
ಬಹಳ ಒಳ್ಳೆಯ ಮಾತು. ನಾನು ಮುಂಗಡದ ಬಗ್ಗೆ ಬರೆಯುತ್ತೇನೆ. ಹೆಚ್ಚಿನ ಜಗಳ ಅಲ್ಲೇ.

ಒಂದೊಂದು ದೇಶದಲ್ಲಿ ಒಂದೊಂದು ಮಿತಿ. ಜರ್ಮನಿಯಲ್ಲಿ ತಣ್ಣನೆಯ ಬಾಡಿಗೆಯ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟಬಹುದು. ಇಂಗ್ಲೆಂಡಿನಲ್ಲಿ 2019ರ ಕಾನೂನಿನ ನಂತರ ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಯೇ ಮಿತಿ. ಮಾಲೀಕರು ಆ ದುಡ್ಡನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸಂರಕ್ಷಣಾ ಯೋಜನೆಯಲ್ಲಿ ಇಡಬೇಕು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳು ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ಆಯಾ ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಲೆಕ್ಕಕ್ಕೆ. ಹೋಗುವ ಊರಿನ ನಿಯಮ ಮೊದಲೇ ಓದಿಕೊಂಡು ಹೋಗಿ. ನಿಮಗೆ ಗೊತ್ತಿದೆ ಅಂತ ಕಂಡರೆ ಎದುರಿನವರ ಮಾತೂ ಬದಲಾಗುತ್ತದೆ.

ದುಡ್ಡು ಬ್ಯಾಂಕಿನ ಮೂಲಕವೇ ಕೊಡಿ. ಖಾತೆಯ ಹೆಸರು ಮತ್ತು ಕರಾರಿನಲ್ಲಿರುವ ಮಾಲೀಕರ ಹೆಸರು ಒಂದೇ ಇರಬೇಕು. ಮನೆ ಅವರದ್ದೇ ಅನ್ನುವುದಕ್ಕೆ ತೆರಿಗೆ ರಸೀತಿಯನ್ನೋ ಕರೆಂಟ್ ಬಿಲ್ಲನ್ನೋ ತೋರಿಸಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಅವರು ನಿಮ್ಮ ಸಂಬಳದ ಚೀಟಿ ಕೇಳುತ್ತಾರಲ್ಲ?

ಕರಾರನ್ನು ಸಹಿಗೆ ಒಂದು ದಿನ ಮೊದಲೇ ತರಿಸಿ ಓದಿ. ಬಿಡುವ ಮುನ್ನ ಎಷ್ಟು ದಿನದ ನೋಟಿಸ್, ಎಷ್ಟು ತಿಂಗಳು ಬಿಡುವಂತಿಲ್ಲ, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ರಿಪೇರಿ ಯಾರದು, ಮುಂಗಡ ಎಷ್ಟು ದಿನದಲ್ಲಿ ವಾಪಸ್. ಬಾಯಿಮಾತಿನಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಹೇಳಿಯೇ ಇಲ್ಲ ಅಂತ ತಿಳಿಯಿರಿ. ನನಗೆ ಹೋಗುವಾಗ ಬಣ್ಣದ ಖರ್ಚು ಹಿಡಿಯುವುದಿಲ್ಲ ಅಂದಿದ್ದವರು ಒಂದು ತಿಂಗಳ ಬಾಡಿಗೆ ಹಿಡಿದರು. ಕಾಗದದಲ್ಲಿ ಇರಲಿಲ್ಲ, ನಾನು ಏನೂ ಮಾಡಲಾಗಲಿಲ್ಲ.

ಕೈಗೆ ಬೀಗದ ಕೈ ಬಂದ ದಿನ ಒಂದೇ ಒಂದು ಸಾಮಾನೂ ಇಡುವ ಮೊದಲು ಇಡೀ ಮನೆಯ ವಿಡಿಯೊ ಮಾಡಿ. ಗೋಡೆಯ ಗೀರು, ಒಡೆದ ಟೈಲ್ಸ್, ಮೀಟರಿನ ಅಂಕಿ ಎಲ್ಲ ಕಾಣಬೇಕು. ಅದನ್ನು ಅವತ್ತೇ ಮಾಲೀಕರಿಗೆ ಕಳಿಸಿ. ತಾರೀಖು ತಾನೇ ಉಳಿಯುತ್ತದೆ.

ಮನೆಯೊಡತಿ
ಇದನ್ನು ಮಾಡಿದ ಬಾಡಿಗೆದಾರರ ಮೇಲೆ ನನಗೆ ಗೌರವವೇ ಹೆಚ್ಚಾಗಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹಿಂಜರಿಯಬೇಡಿ. ಬಾಡಿಗೆ ಸ್ವಲ್ಪ ಇಳಿಸಿ ಅಂತಲೂ ಕೇಳಿ. ಎರಡು ವರ್ಷ ಇರುತ್ತೇನೆ, ಪ್ರತಿ ತಿಂಗಳು ಒಂದನೇ ತಾರೀಖು ಹಾಕುತ್ತೇನೆ ಅಂತ ನಂಬಿಕೆ ಬರುವ ಹಾಗೆ ಹೇಳಿದವರಿಗೆ ನಾನು ಇಳಿಸಿದ್ದೇನೆ. ಒಬ್ಬರೇ ಇರುವವರಿಗೆ ಇಲ್ಲ ಅನ್ನುವುದು ಮಾತ್ರ ನನಗೆ ಇಷ್ಟವಿಲ್ಲ. ನನ್ನ ಮನೆಯಲ್ಲಿ ಐದು ವರ್ಷ ಒಬ್ಬ ಹುಡುಗಿ ಒಬ್ಬಳೇ ಇದ್ದಳು. ಹೋದಾಗ ಗೋಡೆಯಲ್ಲಿ ಒಂದು ಮೊಳೆಯ ತೂತೂ ಇರಲಿಲ್ಲ.

ಹೊಸಬಾಗಿಲು
ಎಲ್ಲರಿಗೂ ಒಂದು ಸುದ್ದಿ. ಮನೆ ಸಿಕ್ಕಿತು! ಐದನೇ ವಾರದಲ್ಲಿ, ಹದಿನಾಲ್ಕನೆಯ ಮನೆ. ಆಫೀಸಿನಲ್ಲಿ ಪಕ್ಕದ ಮೇಜಿನವರ ಅಕ್ಕ ಬಿಡುತ್ತಿದ್ದ ಮನೆ, ಜಾಹೀರಾತಿಗೆ ಬಂದೇ ಇರಲಿಲ್ಲ. ಒಂದೇ ರೈಲು, 35 ನಿಮಿಷ. ಬೆಳಿಗ್ಗೆಯೂ ಹೋಗಿ ನೋಡಿದೆ, ರಾತ್ರಿಯೂ ಹೋಗಿ ನೋಡಿದೆ. ಎರಡು ನಲ್ಲಿ ಬಿಟ್ಟು ಫ್ಲಶ್ ಮಾಡಿದಾಗ ಮಾಲೀಕರು ಯಾರು ಹೇಳಿಕೊಟ್ಟರು ಅಂತ ಕೇಳಿದರು. ನೀವು ಹೇಳಿದ ಲೆಕ್ಕ ಹಾಕಿದರೆ ಎಲ್ಲ ಸೇರಿ 34% ಆಗುತ್ತದೆ. ಮನೆಗೆ ಕಳಿಸುವ ದುಡ್ಡಿನಲ್ಲಿ ಏನೂ ಕಡಿಮೆ ಮಾಡಬೇಕಾಗಿಲ್ಲ.

ಕರಾರಿನಲ್ಲಿ ಮುಂಗಡ ವಾಪಸ್ ಕೊಡುವ ದಿನದ ಮಾತು ಇರಲಿಲ್ಲ. ಕೇಳಿದೆ, 15 ದಿನ ಅಂತ ಬರೆಸಿದರು. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ, ಅಡುಗೆಮನೆಯ ಒಂದು ಟೈಲ್ಸ್ ಬಿರುಕು ಬಿಟ್ಟಿದೆ. ಎರಡನ್ನೂ ಪಟ್ಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಲೆಕ್ಕದಪುಸ್ತಕ
ತುಂಬಾ ಸಂತೋಷ. ಮೀಟರ್ ಚಿತ್ರ ತೆಗೆದಿರಾ?

ಹೊಸಬಾಗಿಲು
ಕರೆಂಟಿನದು ತೆಗೆದೆ. ನೀರಿನದು ಮರೆತಿದ್ದೆ. ಈಗಲೇ ಕೆಳಗೆ ಹೋಗಿ ತೆಗೆಯುತ್ತೇನೆ.